ಟ್ಯೂಬಿಂಗನ್ ವಿಶ್ವವಿದ್ಯಾಲಯ ಯಾರಿಗೆ ಸರಿ, ಯಾರಿಗೆ ಅಲ್ಲ?

ಪ್ರಶ್ನೆ: ನನ್ನ ಮಗಳು ದಾವಣಗೆರೆಯಲ್ಲಿ ಬಿ.ಇ. ಕಂಪ್ಯೂಟರ್ ಸೈನ್ಸ್ ಕೊನೆಯ ವರ್ಷದಲ್ಲಿದ್ದಾಳೆ. ಸಿಜಿಪಿಎ 8.5. ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ಮಷೀನ್ ಲರ್ನಿಂಗ್ ಎಂ.ಎಸ್ಸಿ. ಮಾಡಬೇಕು ಅನ್ನುತ್ತಾಳೆ. ನಮ್ಮ ಕಡೆಯವರು ‘ಆ ಹೆಸರೇ ಕೇಳಿಲ್ಲ, ಮ್ಯೂನಿಕ್‌ಗೆ ಕಳಿಸಿ’ ಅನ್ನುತ್ತಾರೆ. ಜರ್ಮನಿಯಲ್ಲಿ ಓದು ಉಚಿತ ಅಂತ ಕೇಳಿದ್ದೆವು. ಇಲ್ಲಿ ನೋಡಿದರೆ ಫೀ ಇದೆ. ಇದು ಎಂಥ ವಿಶ್ವವಿದ್ಯಾಲಯ? ಒಟ್ಟು ಎಷ್ಟು ಖರ್ಚಾಗುತ್ತದೆ? ಮಗ ಪಿಯುಸಿ ಓದುತ್ತಿದ್ದಾನೆ. ಅವನೂ ಅಲ್ಲಿಗೇ ಹೋಗಬಹುದೇ?

ಉತ್ತರ: ನಿಮ್ಮ ಮಗಳು ಊರಿನ ಹೆಸರು ನೋಡದೆ ವಿಷಯ ನೋಡಿ ವಿಶ್ವವಿದ್ಯಾಲಯ ಆರಿಸಿದ್ದಾಳೆ. ಅದು ಸರಿಯಾದ ದಾರಿ. ಮಷೀನ್ ಲರ್ನಿಂಗ್‌ನಲ್ಲಿ ಸಂಶೋಧನೆ ಮಾಡಬೇಕು ಅನ್ನುವವರಿಗೆ ಟ್ಯೂಬಿಂಗನ್ ಯುರೋಪಿನಲ್ಲೇ ಒಳ್ಳೆಯ ಜಾಗಗಳಲ್ಲಿ ಒಂದು. ಆದರೆ ಎರಡು ವರ್ಷದಲ್ಲಿ ಡಿಗ್ರಿ ಮುಗಿಸಿ ಬೇಗ ಕೆಲಸಕ್ಕೆ ಸೇರುವುದೊಂದೇ ಗುರಿಯಾಗಿದ್ದರೆ ಇದಕ್ಕಿಂತ ಸುಲಭದ ದಾರಿಗಳಿವೆ. ಅವಳ ಆಸೆ ಎರಡರಲ್ಲಿ ಯಾವುದು ಅನ್ನುವುದನ್ನು ಮೊದಲು ಮನೆಯಲ್ಲಿ ಕೂತು ಮಾತಾಡಿಕೊಳ್ಳಿ. ನಾನು ಮುಂದೆ ಹೇಳುವುದೆಲ್ಲ ಅದರ ಮೇಲೆ ನಿಂತಿದೆ.

ಟ್ಯೂಬಿಂಗನ್ ಇರುವುದು ದಕ್ಷಿಣ ಜರ್ಮನಿಯ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ, ನೆಕ್ಕರ್ ನದಿ ದಂಡೆಯಲ್ಲಿ. ಸ್ಟುಟ್‌ಗಾರ್ಟ್‌ನಿಂದ ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಊರಿನ ಜನಸಂಖ್ಯೆ 90 ಸಾವಿರದ ಆಸುಪಾಸು. ವಿದ್ಯಾರ್ಥಿಗಳೇ ಸುಮಾರು 28 ಸಾವಿರ. ನಮ್ಮ ಮಣಿಪಾಲ ನೋಡಿದವರಿಗೆ ಈ ಲೆಕ್ಕ ಥಟ್ಟನೆ ಅರ್ಥವಾಗುತ್ತದೆ: ಊರು ಬೇರೆ, ವಿಶ್ವವಿದ್ಯಾಲಯ ಬೇರೆ ಅಲ್ಲ. ಒಂದು ಗೋಡೆಯೊಳಗಿನ ಕ್ಯಾಂಪಸ್ ಅಂತ ಇಲ್ಲಿಲ್ಲ. ಭಾಷೆ, ಕಾನೂನು, ತತ್ವಶಾಸ್ತ್ರದ ವಿಭಾಗಗಳು ಕೆಳಗೆ ಊರಿನಲ್ಲಿ, ಹಳೆಯ ಬೀದಿಗಳ ಸುತ್ತ ಇವೆ. ವಿಜ್ಞಾನದ ಹಲವು ವಿಭಾಗಗಳು ಮೋರ್ಗನ್‌ಸ್ಟೆಲ್ಲೆ ಎಂಬ ಗುಡ್ಡದ ಮೇಲಿವೆ. ಬಸ್ಸಿನಲ್ಲಿ ಹತ್ತಬೇಕು, ಇಲ್ಲವೇ ಸೈಕಲ್ ತುಳಿಯಬೇಕು.

ಇದು ಪೂರ್ತಿ ಸರ್ಕಾರಿ ವಿಶ್ವವಿದ್ಯಾಲಯ. ವುರ್ಟೆಂಬರ್ಗಿನ ದೊರೆ ಎಬರ್‌ಹಾರ್ಡ್ 1477ರಲ್ಲಿ ಸ್ಥಾಪಿಸಿದ್ದು. ಖಗೋಳ ವಿಜ್ಞಾನಿ ಕೆಪ್ಲರ್ ಓದಿದ್ದು ಇಲ್ಲಿ. ತತ್ವಜ್ಞಾನಿಗಳಾದ ಹೆಗೆಲ್, ಶೆಲ್ಲಿಂಗ್, ಕವಿ ಹೋಲ್ಡರ್ಲಿನ್ ಮೂವರೂ ಇಲ್ಲಿನ ಧರ್ಮಶಾಸ್ತ್ರದ ವಸತಿ ಶಾಲೆಯಲ್ಲಿ ಒಟ್ಟಿಗಿದ್ದು ಓದಿದವರು. ಇಲ್ಲಿ ಹೀಬ್ರೂ ಪ್ರಾಧ್ಯಾಪಕನಾಗಿದ್ದ ವಿಲ್ಹೆಲ್ಮ್ ಶಿಕಾರ್ಡ್ 1623ರಲ್ಲಿ ಲೆಕ್ಕ ಮಾಡುವ ಯಂತ್ರವೊಂದನ್ನು ರೂಪಿಸಿದ್ದ.

ನನಗೆ ಇವೆಲ್ಲಕ್ಕಿಂತ ಇಷ್ಟವಾದ ಕಥೆ ಊರಿನ ಕೋಟೆಯದು. ಬೆಟ್ಟದ ಮೇಲಿನ ಹೋಹನ್‌ಟ್ಯೂಬಿಂಗನ್ ಕೋಟೆಯ ಹಳೆಯ ಅಡುಗೆಮನೆಯನ್ನು 19ನೇ ಶತಮಾನದಲ್ಲಿ ರಸಾಯನಶಾಸ್ತ್ರದ ಲ್ಯಾಬ್ ಮಾಡಿದ್ದರು. 1869ರಲ್ಲಿ ಫ್ರೀಡ್ರಿಖ್ ಮೀಷರ್ ಎಂಬ ಯುವ ವೈದ್ಯ ಅಲ್ಲಿ ಕೆಲಸ ಮಾಡುತ್ತಿದ್ದ. ಆಸ್ಪತ್ರೆಯಿಂದ ಕೀವು ಅಂಟಿದ ಬ್ಯಾಂಡೇಜ್ ಬಟ್ಟೆಗಳನ್ನು ತರಿಸಿಕೊಳ್ಳುತ್ತಿದ್ದ. ಅವನ್ನು ತೊಳೆದು ಬಿಳಿ ರಕ್ತಕಣಗಳನ್ನು ಬೇರ್ಪಡಿಸಿ, ಅವುಗಳ ಕೇಂದ್ರದಿಂದ ಅಲ್ಲಿಯವರೆಗೆ ಯಾರೂ ಗುರುತಿಸದ ಒಂದು ವಸ್ತುವನ್ನು ತೆಗೆದ. ಅದಕ್ಕೆ ನ್ಯೂಕ್ಲಿನ್ ಎಂದು ಹೆಸರಿಟ್ಟ. ನಾವು ಇಂದು ಡಿಎನ್‌ಎ ಅನ್ನುವುದು ಅದನ್ನೇ. ಆ ಕೋಣೆಯನ್ನು ಈಗ ಹೋಗಿ ನೋಡಬಹುದು. ಕೋಟೆಯಲ್ಲೇ ವಿಶ್ವವಿದ್ಯಾಲಯದ ಮ್ಯೂಸಿಯಂ ಇದೆ. ಸುಮಾರು 40 ಸಾವಿರ ವರ್ಷ ಹಿಂದಿನ, ಮ್ಯಾಮತ್ ದಂತದಲ್ಲಿ ಕೆತ್ತಿದ ಅಂಗೈಗಿಂತ ಚಿಕ್ಕ ಕುದುರೆಯೊಂದು ಅಲ್ಲಿದೆ.

ಕನ್ನಡಿಗರಾದ ನಮಗೆ ‘ಆ ಹೆಸರೇ ಕೇಳಿಲ್ಲ’ ಅನ್ನುವುದು ಸ್ವಲ್ಪ ಬೇಸರದ ಮಾತು. ಯಾಕೆಂದರೆ ಈ ವಿಶ್ವವಿದ್ಯಾಲಯಕ್ಕೂ ಕನ್ನಡಕ್ಕೂ ಹಳೆಯ ನಂಟಿದೆ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ ಶುರುಮಾಡಿದ ಹರ್ಮನ್ ಮೋಗ್ಲಿಂಗ್ ಓದಿದ್ದು ಟ್ಯೂಬಿಂಗನ್‌ನಲ್ಲಿ. ಅವರು ಹಳೆಯ ಕನ್ನಡ ಕಾವ್ಯಗಳನ್ನು ಹುಡುಕಿ ಅಚ್ಚು ಹಾಕಿಸಿದರು. ಆ ಕೆಲಸವನ್ನು ಮೆಚ್ಚಿ 1858ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿದ್ದು ಇದೇ ವಿಶ್ವವಿದ್ಯಾಲಯ. ಫರ್ಡಿನಂಡ್ ಕಿಟ್ಟೆಲ್ ಅವರ ನಿಘಂಟು ಮಂಗಳೂರಿನಲ್ಲಿ 1894ರಲ್ಲಿ ಹೊರಬಂತು. ಸುಮಾರು 70 ಸಾವಿರ ಪದಗಳ ಆ ದೊಡ್ಡ ಕೆಲಸಕ್ಕೆ 1896ರಲ್ಲಿ ಟ್ಯೂಬಿಂಗನ್ ಅವರಿಗೂ ಗೌರವ ಡಾಕ್ಟರೇಟ್ ಕೊಟ್ಟಿತು. ಕಿಟ್ಟೆಲ್ ಕೊನೆಗಾಲದಲ್ಲಿ ಇದ್ದದ್ದು, 1903ರಲ್ಲಿ ತೀರಿಕೊಂಡದ್ದು ಅದೇ ಊರಿನಲ್ಲಿ. ಅವರ ಸಮಾಧಿಯೂ ಅಲ್ಲೇ ಇದೆ. ಮಗಳಿಗೆ ಈ ವಿಷಯ ಹೇಳಿ. ಅರ್ಜಿಗೆ ಇದರಿಂದ ಏನೂ ಆಗದು, ಆದರೆ ಅವಳು ಹೋಗುವ ಊರು ಪೂರ್ತಿ ಹೊರಗಿನದಲ್ಲ ಅಂತ ಗೊತ್ತಿರಲಿ.

ಈಗ ಓದಿನ ವಿಷಯಕ್ಕೆ ಬರೋಣ. ಇಲ್ಲಿ ಏಳು ಫ್ಯಾಕಲ್ಟಿಗಳಿವೆ: ಪ್ರಾಟೆಸ್ಟೆಂಟ್ ಧರ್ಮಶಾಸ್ತ್ರ, ಕ್ಯಾಥೊಲಿಕ್ ಧರ್ಮಶಾಸ್ತ್ರ, ಕಾನೂನು, ವೈದ್ಯಕೀಯ, ಮಾನವಿಕ, ಅರ್ಥಶಾಸ್ತ್ರ ಮತ್ತು ಸಮಾಜ ವಿಜ್ಞಾನ, ಗಣಿತ ಮತ್ತು ವಿಜ್ಞಾನ. ವಿಜ್ಞಾನಕ್ಕೆಂದೇ ಬೇರೆ ಫ್ಯಾಕಲ್ಟಿ ಜರ್ಮನಿಯಲ್ಲಿ ಮೊದಲು ಹುಟ್ಟಿದ್ದು ಇಲ್ಲಿ, 1863ರಲ್ಲಿ. ಆ ಪಟ್ಟಿಯಲ್ಲಿ ಇಲ್ಲದ್ದನ್ನು ಗಮನಿಸಿದಿರಾ? ಎಂಜಿನಿಯರಿಂಗ್ ಫ್ಯಾಕಲ್ಟಿ ಇಲ್ಲ. ಮೆಕ್ಯಾನಿಕಲ್ ಇಲ್ಲ, ಸಿವಿಲ್ ಇಲ್ಲ. ಅವು ಬೇಕಾದವರು ಅದೇ ರಾಜ್ಯದ ಸ್ಟುಟ್‌ಗಾರ್ಟ್ ಅಥವಾ ಕಾರ್ಲ್ಸ್‌ರೂಹೆ ನೋಡಬೇಕು. ಕಂಪ್ಯೂಟರ್ ಸೈನ್ಸ್ ಇಲ್ಲಿ ವಿಜ್ಞಾನ ಫ್ಯಾಕಲ್ಟಿಯ ಒಳಗಿದೆ. ಹಾಗಾಗಿ ಓದಿನ ಧಾಟಿಯೇ ಬೇರೆ. ನಮ್ಮ ಬಿ.ಇ. ಥರ ಟೂಲ್, ಪ್ರಾಜೆಕ್ಟ್, ಪ್ಲೇಸ್‌ಮೆಂಟ್ ಅಂತ ಹೋಗುವುದಿಲ್ಲ. ಗಣಿತದಿಂದ ಶುರುವಾಗಿ ಗಣಿತದಲ್ಲೇ ಆಳಕ್ಕೆ ಇಳಿಯುತ್ತದೆ.

ಮಷೀನ್ ಲರ್ನಿಂಗ್‌ನಲ್ಲಿ ಈ ಚಿಕ್ಕ ಊರು ಇಷ್ಟು ಮುಂದೆ ಬಂದದ್ದಕ್ಕೆ ಕಾರಣ ಸುತ್ತಲಿನ ಸಂಸ್ಥೆಗಳು. ಜರ್ಮನಿಯ ದೊಡ್ಡ ವಿಜ್ಞಾನ ಸಂಶೋಧನಾ ಸಂಘಟನೆಯಾದ ಮ್ಯಾಕ್ಸ್ ಪ್ಲಾಂಕ್ ಸೊಸೈಟಿಯ ಸಂಸ್ಥೆಗಳು ಇಲ್ಲಿವೆ. ಒಂದು ಜೀವವಿಜ್ಞಾನದ್ದು: 1995ರಲ್ಲಿ ನೊಬೆಲ್ ಪಡೆದ ಕ್ರಿಸ್ಟಿಯಾನ್ ನ್ಯೂಸ್ಲೈನ್-ಫೋಲ್ಹಾರ್ಡ್ ಕೆಲಸ ಮಾಡಿದ ಸಂಸ್ಥೆ. ಇನ್ನೊಂದು ಮೆದುಳಿನ ಅಧ್ಯಯನದ್ದು. ಮೂರನೆಯದು ಇಂಟೆಲಿಜೆಂಟ್ ಸಿಸ್ಟಮ್ಸ್ ಸಂಸ್ಥೆ. ಅದು ಸ್ಟುಟ್‌ಗಾರ್ಟ್ ಮತ್ತು ಟ್ಯೂಬಿಂಗನ್ ಎರಡೂ ಕಡೆ ಇದೆ. 2016ರಲ್ಲಿ ರಾಜ್ಯ ಸರ್ಕಾರ, ಮ್ಯಾಕ್ಸ್ ಪ್ಲಾಂಕ್, ಎರಡು ವಿಶ್ವವಿದ್ಯಾಲಯಗಳು ಮತ್ತು ಬಾಷ್‌ನಂಥ ಕಂಪನಿಗಳು ಸೇರಿ ‘ಸೈಬರ್ ವ್ಯಾಲಿ’ ಎಂಬ ಕೂಟ ಕಟ್ಟಿದವು. ಮಷೀನ್ ಲರ್ನಿಂಗ್ ಅನ್ನು ಬೇರೆ ವಿಜ್ಞಾನಗಳಿಗೆ ಬಳಸುವ ಸಂಶೋಧನೆಗೆ ಜರ್ಮನಿಯ ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಉತ್ಕೃಷ್ಟತಾ ಯೋಜನೆಯಲ್ಲಿ 2019ರಿಂದ ದೊಡ್ಡ ಮೊತ್ತದ ಅನುದಾನ ಬರುತ್ತಿದೆ. ಒಂದು ಲ್ಯಾಬ್‌ನಿಂದ ಇನ್ನೊಂದಕ್ಕೆ ನಡೆದೇ ಹೋಗಬಹುದಾದ ಊರಿನಲ್ಲಿ ಇಷ್ಟೆಲ್ಲ ಇದೆ. ಮಾಸ್ಟರ್ಸ್ ವಿದ್ಯಾರ್ಥಿಯೊಬ್ಬಳು ಪೇಪರ್‌ನಲ್ಲಿ ಓದಿದ ವಿಜ್ಞಾನಿಯ ಗುಂಪಿನಲ್ಲೇ ಥೀಸಿಸ್ ಮಾಡುವ ಅವಕಾಶ ಇಲ್ಲಿ ನಿಜವಾಗಿಯೂ ಸಿಗುತ್ತದೆ. ನನ್ನ ಲೆಕ್ಕದಲ್ಲಿ ಟ್ಯೂಬಿಂಗನ್‌ನ ನಿಜವಾದ ಬೆಲೆ ಇದು. ರ‍್ಯಾಂಕಿಂಗ್ ಪಟ್ಟಿಯಲ್ಲಿ ಎಷ್ಟನೇ ಜಾಗ ಅನ್ನುವುದರಿಂದ ಇದು ತಿಳಿಯುವುದಿಲ್ಲ.

ಪಿಎಚ್.ಡಿ. ಆಸೆಯಿದ್ದರೆ ಇನ್ನೂ ಒಳ್ಳೆಯದು. ಇಲ್ಲಿ ಪಿಎಚ್.ಡಿ. ವಿದ್ಯಾರ್ಥಿಗಳಿಗೆ ಬೋಧನಾ ಶುಲ್ಕ ಇಲ್ಲ. ವಿಜ್ಞಾನ ವಿಷಯಗಳಲ್ಲಿ ಹೆಚ್ಚಿನವರಿಗೆ ಕೆಲಸದ ಒಪ್ಪಂದವೇ ಇರುತ್ತದೆ, ಸಂಬಳ ಬರುತ್ತದೆ.

ಇನ್ನು ಅಡ್ಮಿಷನ್. ಮಷೀನ್ ಲರ್ನಿಂಗ್ ಎಂ.ಎಸ್ಸಿ. ಪೂರ್ತಿ ಇಂಗ್ಲಿಷ್‌ನಲ್ಲಿದೆ, ಪೈಪೋಟಿ ತುಂಬಾ ಜಾಸ್ತಿ. 8.5 ಸಿಜಿಪಿಎ ಒಳ್ಳೆಯದೇ, ಆದರೆ ಅದೊಂದೇ ಸಾಲದು. ಜರ್ಮನಿಯಲ್ಲಿ ಅಂಕಗಳು ತಲೆಕೆಳಗು: 1.0 ಅತ್ಯುತ್ತಮ, 4.0 ಪಾಸ್. ನಮ್ಮ ಅಂಕಗಳನ್ನು ಅದಕ್ಕೆ ಬದಲಾಯಿಸಲು ಒಂದು ಸೂತ್ರ ಇದೆ. ಗರಿಷ್ಠ ಅಂಕದಿಂದ ನಿಮ್ಮ ಅಂಕ ಕಳೆಯಿರಿ. ಅದನ್ನು ಗರಿಷ್ಠ ಮತ್ತು ಪಾಸ್ ಅಂಕಗಳ ವ್ಯತ್ಯಾಸದಿಂದ ಭಾಗಿಸಿ, ಮೂರರಿಂದ ಗುಣಿಸಿ, ಒಂದು ಕೂಡಿಸಿ. ಪಾಸ್ ಅಂಕ 4 ಎಂದು ಹಿಡಿದರೆ ನಿಮ್ಮ ಮಗಳದ್ದು 1.75 ಆಗುತ್ತದೆ. 5 ಎಂದು ಹಿಡಿದರೆ 1.9. ನೋಡಿ, ಪಾಸ್ ಅಂಕ ಎಷ್ಟು ಅನ್ನುವ ಒಂದೇ ಸಾಲು ಇಷ್ಟು ವ್ಯತ್ಯಾಸ ಮಾಡುತ್ತದೆ. ಹಾಗಾಗಿ ಮಾರ್ಕ್ಸ್ ಕಾರ್ಡ್ ಹಿಂದಿನ ನಿಯಮಾವಳಿಯನ್ನೂ, ಅದರಲ್ಲಿ ಕನಿಷ್ಠ ಅಂಕ ಹೇಳಿರುವ ಪುಟವನ್ನೂ ಸ್ಕ್ಯಾನ್ ಮಾಡಿ ಜೊತೆಗಿಡಿ.

ಅಂಕಕ್ಕಿಂತ ಮುಖ್ಯವಾದದ್ದು ಅವಳು ಯಾವ ಪಾಠಗಳನ್ನು ಎಷ್ಟು ಓದಿದ್ದಾಳೆ ಅನ್ನುವುದು. ಲೀನಿಯರ್ ಆಲ್ಜಿಬ್ರಾ, ಕ್ಯಾಲ್ಕ್ಯುಲಸ್, ಸಂಭವನೀಯತೆ, ಸಂಖ್ಯಾಶಾಸ್ತ್ರ, ಅಲ್ಗಾರಿದಂ. ಇವುಗಳಲ್ಲಿ ಸಾಕಷ್ಟು ಕ್ರೆಡಿಟ್ ಇದೆಯೇ ಎಂದು ಪ್ರವೇಶ ಸಮಿತಿ ಸಿಲಬಸ್ ಹಿಡಿದು ನೋಡುತ್ತದೆ. ನನ್ನ ಹತ್ತಿರ ಬರುವ ಬಹಳಷ್ಟು ಮಕ್ಕಳು ಐದಾರು ಆನ್‌ಲೈನ್ ಕೋರ್ಸಿನ ಸರ್ಟಿಫಿಕೇಟ್ ಹಿಡಿದುಕೊಂಡು ಬರುತ್ತಾರೆ. ಅವು ಈ ಕ್ರೆಡಿಟ್ ಲೆಕ್ಕಕ್ಕೆ ಬರುವುದಿಲ್ಲ. ಅದರ ಬದಲು ಬಿ.ಇ.ಯ ಗಣಿತದ ಪೇಪರ್‌ಗಳು ಯಾವುವು, ಪ್ರತಿಯೊಂದರಲ್ಲಿ ಏನೇನು ಕಲಿಸಿದರು, ಎಷ್ಟು ಗಂಟೆ ಎಂದು ಎರಡು ಪುಟದಲ್ಲಿ ಚೊಕ್ಕವಾಗಿ ಬರೆದಿಡಲಿ. ಉದ್ದೇಶ ಪತ್ರದಲ್ಲಿ ‘ಚಿಕ್ಕಂದಿನಿಂದ ಕಂಪ್ಯೂಟರ್ ಅಂದರೆ ಇಷ್ಟ’ ಅಂತ ಬರೆಯುವುದು ಬೇಡ. ಕೊನೆಯ ವರ್ಷದ ಪ್ರಾಜೆಕ್ಟ್‌ನಲ್ಲಿ ಮಾದರಿ ಎಲ್ಲಿ ಸೋತಿತು, ಯಾಕೆ, ಆಮೇಲೆ ಏನು ಮಾಡಿದೆ ಅನ್ನುವುದನ್ನು ಬರೆದರೆ ಓದುವವರಿಗೆ ಅವಳ ಯೋಚನೆ ಕಾಣುತ್ತದೆ.

ಅವಳು ಇದೊಂದನ್ನೇ ನಂಬಿಕೊಂಡು ಕೂರಬಾರದು. ಅದೇ ವಿಶ್ವವಿದ್ಯಾಲಯದ ಕಂಪ್ಯುಟೇಷನಲ್ ನ್ಯೂರೋಸೈನ್ಸ್, ಕಂಪ್ಯುಟೇಷನಲ್ ಲಿಂಗ್ವಿಸ್ಟಿಕ್ಸ್ ಕೋರ್ಸ್‌ಗಳನ್ನೂ ನೋಡಲಿ. ಮೊದಲನೆಯದು ಮೆದುಳು ಮತ್ತು ಗಣಿತ ಸೇರುವ ಜಾಗ. ಎರಡನೆಯದು ಭಾಷೆ ಮತ್ತು ಕಂಪ್ಯೂಟರ್ ಸೇರುವ ಜಾಗ. ಕನ್ನಡಕ್ಕೆ ಒಳ್ಳೆಯ ಭಾಷಾ ತಂತ್ರಜ್ಞಾನ ಬೇಕು ಅನ್ನುವ ಕಾಳಜಿ ಇರುವ ಹುಡುಗ ಹುಡುಗಿಯರು ಆ ಕಡೆಗೆ ಹೆಚ್ಚು ಹೋಗಲಿ ಅನ್ನುವುದು ನನ್ನ ಆಸೆ.

ಭಾರತದಿಂದ ಹೋಗುವವರಿಗೆ ಎಪಿಎಸ್ ಪ್ರಮಾಣಪತ್ರ ಕಡ್ಡಾಯ. 2022ರ ನವೆಂಬರ್‌ನಿಂದ ಅದಿಲ್ಲದೆ ವಿದ್ಯಾರ್ಥಿ ವೀಸಾ ಸಿಗುವುದಿಲ್ಲ. ನಮ್ಮ ಅಂಕಪಟ್ಟಿಗಳು ಅಸಲಿಯೇ ಎಂದು ದೆಹಲಿಯ ಕಚೇರಿ ಪರಿಶೀಲಿಸಿ ಕೊಡುವ ಪತ್ರ ಅದು. ಶುಲ್ಕ 18 ಸಾವಿರ ರೂಪಾಯಿ. ಕೈಗೆ ಬರಲು ವಾರಗಟ್ಟಲೆ ಹಿಡಿಯುತ್ತದೆ. ಅರ್ಜಿಯ ಕೊನೆಯ ದಿನ ಕೋರ್ಸಿನಿಂದ ಕೋರ್ಸಿಗೆ ಬೇರೆ ಬೇರೆ. ಹೊರದೇಶದವರಿಗೆ ಅದು ಎಷ್ಟೋ ಸಲ ಬೇಸಿಗೆಗೂ ಮುಂಚೆಯೇ ಮುಗಿದಿರುತ್ತದೆ. ಅರ್ಜಿ ಹಾಕುವುದು ವಿಶ್ವವಿದ್ಯಾಲಯದ ‘ಆಲ್ಮಾ’ ಪೋರ್ಟಲ್‌ನಲ್ಲಿ. ನೀವೇ ಹಾಕಬಹುದು. ಇದಕ್ಕೆಂದು ಏಜೆಂಟರಿಗೆ ಲಕ್ಷಗಟ್ಟಲೆ ಸುರಿಯಬೇಡಿ. ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಸೀಟು ಕೊಡಿಸುವ ಶಕ್ತಿ ಯಾವ ಏಜೆಂಟರಿಗೂ ಇಲ್ಲ. ಇನ್ನೊಂದು ವಿಷಯ: ಸಂಜೆ ಮನೆಗೆ ಬಂದು ಕೂತು ಪಟ್ಟಾಗಿ ಓದಿದರೆ ಮಗಳೇ ಕೋರ್ಸಿನ ಪ್ರವೇಶ ನಿಯಮವನ್ನು ನಿಮಗೆ ಅರ್ಥಮಾಡಿಸಬಲ್ಲಳು.

ಹಣದ ಮಾತು. ‘ಜರ್ಮನಿಯಲ್ಲಿ ಓದು ಉಚಿತ’ ಅನ್ನುವುದು ಬಹುತೇಕ ರಾಜ್ಯಗಳ ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ಇಂದಿಗೂ ನಿಜ. ಬಾಡೆನ್-ವುರ್ಟೆಂಬರ್ಗ್ ಮಾತ್ರ 2017ರ ಚಳಿಗಾಲದ ಸೆಮಿಸ್ಟರ್‌ನಿಂದ ಐರೋಪ್ಯ ಒಕ್ಕೂಟದ ಹೊರಗಿನವರಿಂದ ಸೆಮಿಸ್ಟರ್‌ಗೆ 1,500 ಯೂರೋ ತೆಗೆದುಕೊಳ್ಳುತ್ತಿದೆ. ನಿಮ್ಮ ಕಡೆಯವರು ಹೇಳಿದ ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯವೂ 2024ರಿಂದ ಹೊಸ ವಿದ್ಯಾರ್ಥಿಗಳಿಗೆ ಶುಲ್ಕ ಶುರುಮಾಡಿದೆ. ಅಲ್ಲಿ ಮಾಸ್ಟರ್ಸ್‌ಗೆ ಸೆಮಿಸ್ಟರ್‌ಗೆ 4,000 ಅಥವಾ 6,000 ಯೂರೋ. ಮ್ಯೂನಿಕ್‌ನಲ್ಲಿ ಮನೆ ಬಾಡಿಗೆ ಜರ್ಮನಿಯಲ್ಲೇ ಹೆಚ್ಚು. ಅಂದಮೇಲೆ ಖರ್ಚಿನ ಕಾರಣಕ್ಕೆ ಟ್ಯೂಬಿಂಗನ್ ಬಿಟ್ಟು ಅಲ್ಲಿಗೆ ಹೋಗುವುದರಲ್ಲಿ ಅರ್ಥವಿಲ್ಲ, ಅಲ್ವಾ?

ಲೆಕ್ಕ ಸುಲಭವಾಗಲಿ ಅಂತ ಒಂದು ಯೂರೋಗೆ 100 ರೂಪಾಯಿ ಎಂದು ಹಿಡಿಯೋಣ. ಬೋಧನಾ ಶುಲ್ಕ ವರ್ಷಕ್ಕೆ 3 ಲಕ್ಷ. ಇದಲ್ಲದೆ ಪ್ರತಿ ಸೆಮಿಸ್ಟರ್‌ಗೆ ವಿದ್ಯಾರ್ಥಿ ಸೇವೆಗಳಿಗೆ, ಆಡಳಿತಕ್ಕೆ ಎಂದು ಸುಮಾರು 150ರಿಂದ 200 ಯೂರೋ ಕಟ್ಟಬೇಕು. ಎಲ್ಲಕ್ಕಿಂತ ದೊಡ್ಡದು ಬದುಕುವ ಖರ್ಚು. ವೀಸಾಗೆ ಮುಂಚೆ ಬ್ಲಾಕ್ಡ್ ಅಕೌಂಟ್‌ನಲ್ಲಿ 11,904 ಯೂರೋ ಇಡಬೇಕು. ಅದರಿಂದ ತಿಂಗಳಿಗೆ 992 ಯೂರೋ ಮಾತ್ರ ತೆಗೆಯಬಹುದು. ಈ ಮೊತ್ತವನ್ನು ಸರ್ಕಾರ ಆಗಾಗ ಏರಿಸುತ್ತದೆ. ವೀಸಾ ಸಮಯದಲ್ಲಿ ಇನ್ನೊಮ್ಮೆ ನೋಡಿಕೊಳ್ಳಿ. ಎಲ್ಲ ಸೇರಿ ವರ್ಷಕ್ಕೆ 15 ಲಕ್ಷದ ಮೇಲೆ ಆಗುತ್ತದೆ. ಎರಡು ವರ್ಷದ ಕೋರ್ಸು ಎಂದು ಕಾಗದದ ಮೇಲಿದ್ದರೂ ಥೀಸಿಸ್ ಸೇರಿ ಐದನೇ ಸೆಮಿಸ್ಟರ್‌ಗೆ ಎಳೆಯುವುದು ಅಲ್ಲಿ ಮಾಮೂಲು. ಬ್ಯಾಂಕ್ ಸಾಲ ಕೇಳುವಾಗ ಎರಡೂವರೆ ವರ್ಷದ ಲೆಕ್ಕ ಕೊಡಿ.

ಪಾರ್ಟ್ ಟೈಮ್ ಕೆಲಸ ನಂಬಿಕೊಂಡು ಫೀ ಕಟ್ಟುವ ಯೋಜನೆ ಬೇಡ. ನಿಯಮದ ಪ್ರಕಾರ ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಬಹುದು. ವಿಶ್ವವಿದ್ಯಾಲಯದೊಳಗಿನ ವಿದ್ಯಾರ್ಥಿ ಸಹಾಯಕ ಕೆಲಸ ಈ ಮಿತಿಗೆ ಸಾಮಾನ್ಯವಾಗಿ ಸೇರುವುದಿಲ್ಲ. ಅಲ್ಲಿನವರು ಅದನ್ನು ‘ಹಿವಿ’ ಅನ್ನುತ್ತಾರೆ. ಹೋಟೆಲಿನಲ್ಲಿ ತಟ್ಟೆ ತೊಳೆಯುವುದಕ್ಕಿಂತ ಹಿವಿ ಕೆಲಸ ಸಾವಿರ ಪಾಲು ಮೇಲು. ದುಡ್ಡೂ ಬರುತ್ತದೆ, ಲ್ಯಾಬಿನ ಬಾಗಿಲೂ ತೆರೆಯುತ್ತದೆ. ಆದರೆ ಮೊದಲ ಸೆಮಿಸ್ಟರ್‌ನಲ್ಲಿ ಸಿಗುವುದು ಕಷ್ಟ. ಒಂದೆರಡು ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದ ಮೇಲೆ ಕೇಳಿದರೆ ಮಾತಿಗೆ ತೂಕ ಇರುತ್ತದೆ. ‘ಡಾಯ್ಚ್‌ಲಾಂಡ್ ಸ್ಟಿಪೆಂಡಿಯಂ’ ಎಂಬ ವಿದ್ಯಾರ್ಥಿವೇತನ ತಿಂಗಳಿಗೆ 300 ಯೂರೋ. ಯಾವ ದೇಶದವರಾದರೂ ಅರ್ಜಿ ಹಾಕಬಹುದು.

ಹಣಕ್ಕಿಂತ ಜಾಸ್ತಿ ತಲೆನೋವು ಕೊಡುವುದು ರೂಮು. ಊರು ಚಿಕ್ಕದು, ವಿದ್ಯಾರ್ಥಿಗಳು ಜಾಸ್ತಿ. ವಿದ್ಯಾರ್ಥಿ ಸೇವಾ ಸಂಸ್ಥೆಯ ಹಾಸ್ಟೆಲ್‌ಗಳಿವೆ, ಗುಡ್ಡದ ಮೇಲಿನ ವಾಲ್ಡ್‌ಹಾಯ್ಸರ್ ಓಸ್ಟ್ ಅವುಗಳಲ್ಲಿ ದೊಡ್ಡದು. ಅಡ್ಮಿಷನ್ ಪತ್ರ ಬಂದ ದಿನವೇ ಅರ್ಜಿ ಹಾಕಲಿ. ಹೊರಗೆ ಹುಡುಕುವಾಗ ಒಂದೇ ಎಚ್ಚರಿಕೆ: ರೂಮು ನೋಡದೆ, ಒಪ್ಪಂದ ಇಲ್ಲದೆ ‘ಅಡ್ವಾನ್ಸ್ ಕಳಿಸಿ, ಕೀ ಪೋಸ್ಟ್ ಮಾಡುತ್ತೇನೆ’ ಅನ್ನುವವರಿಗೆ ಒಂದು ಪೈಸೆಯನ್ನೂ ಕಳಿಸಬೇಡಿ. ಅದು ಮೋಸ. ಪಕ್ಕದ ರಾಯ್ಟ್‌ಲಿಂಗನ್, ರೊಟ್ಟನ್‌ಬರ್ಗ್ ಊರುಗಳಿಂದ ರೈಲಿನಲ್ಲಿ ಓಡಾಡುವವರೂ ಇದ್ದಾರೆ.

ತರಗತಿಯ ರೀತಿ ನಮ್ಮ ಮಕ್ಕಳಿಗೆ ಹೊಸದು. ಹಾಜರಿಯನ್ನು ಹೆಚ್ಚಿನ ಪಾಠಗಳಲ್ಲಿ ಯಾರೂ ಕೇಳುವುದಿಲ್ಲ. ಇಂಟರ್ನಲ್ಸ್ ಅಂತ ಕೈಹಿಡಿದು ದಾಟಿಸುವ ಅಂಕಗಳಿಲ್ಲ. ವಾರವಾರ ಲೆಕ್ಕದ ಹಾಳೆ ಕೊಡುತ್ತಾರೆ, ಮಾಡಿ ಒಪ್ಪಿಸಬೇಕು. ಎಷ್ಟೋ ಕೋರ್ಸಿನಲ್ಲಿ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಸರಿಯಾಗಿದ್ದರಷ್ಟೇ ಪರೀಕ್ಷೆಗೆ ಕೂರಬಹುದು. ಕೆಲವು ಪರೀಕ್ಷೆ ಬಾಯಿಮಾತಿನವು: ಪ್ರೊಫೆಸರ್ ಎದುರು ಅರ್ಧ ಗಂಟೆ ಕೂತು ಖಾಲಿ ಹಾಳೆಯ ಮೇಲೆ ಬರೆಯುತ್ತಾ ವಿವರಿಸಬೇಕು. ಪ್ರಯತ್ನಗಳಿಗೆ ಮಿತಿ ಇದೆ. ಕಡ್ಡಾಯ ವಿಷಯದಲ್ಲಿ ಕೊನೆಯ ಪ್ರಯತ್ನವೂ ಕೈಕೊಟ್ಟರೆ ಆ ಕೋರ್ಸಿನಿಂದಲೇ ಹೊರಬೀಳಬಹುದು. ನಮ್ಮಲ್ಲಿನ ಹಾಗೆ ಬ್ಯಾಕ್‌ಲಾಗ್ ಇಟ್ಟುಕೊಂಡು ಮುಂದೆ ಹೋಗುವ ಅಭ್ಯಾಸ ಅಲ್ಲಿ ನಡೆಯದು. ವೇಳಾಪಟ್ಟಿಯಲ್ಲಿ ‘10 ಸಿ.ಟಿ.’ ಎಂದಿದ್ದರೆ ಪಾಠ ಶುರುವಾಗುವುದು 10:15ಕ್ಕೆ. ಪಾಠ ಮುಗಿದಾಗ ಚಪ್ಪಾಳೆ ತಟ್ಟುವುದಿಲ್ಲ. ಎಲ್ಲರೂ ಮೇಜಿನ ಮೇಲೆ ಬೆರಳ ಗೆಣ್ಣಿನಿಂದ ಕುಟ್ಟುತ್ತಾರೆ. ಮೊದಲ ದಿನ ಗಾಬರಿಯಾಗುವುದು ಬೇಡ.

ಕೋರ್ಸು ಇಂಗ್ಲಿಷ್‌ನಲ್ಲಿದೆ ಅಂತ ಜರ್ಮನ್ ಬಿಡಬೇಡಿ. ಮನೆ ಮಾಲೀಕರು, ಡಾಕ್ಟರ ಕ್ಲಿನಿಕ್, ಸರ್ಕಾರಿ ಕಚೇರಿ, ಎಲ್ಲ ಕಡೆ ಜರ್ಮನ್ ಬೇಕು. ಆ ಭಾಗದವರು ಮಾತಾಡುವ ಶ್ವಾಬಿಶ್ ಆಡುಭಾಷೆ ಪುಸ್ತಕದ ಜರ್ಮನ್‌ಗಿಂತ ಸಾಕಷ್ಟು ಬೇರೆ. ಬೆಂಗಳೂರಿನ ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲೋ, ಆನ್‌ಲೈನ್‌ನಲ್ಲೋ ಹೋಗುವ ಮೊದಲು ಎ2 ಹಂತ (ಎ1ರಿಂದ ಸಿ2ರವರೆಗಿನ ಆರು ಹಂತಗಳಲ್ಲಿ ಎರಡನೆಯದು) ಮುಗಿಸಲಿ. ಓದು ಮುಗಿದ ಮೇಲೆ ಕೆಲಸ ಹುಡುಕಲು 18 ತಿಂಗಳ ಅನುಮತಿ ಸಿಗುತ್ತದೆ. ಆ ಹೊತ್ತಿಗೆ ಬಿ2 ಹಂತದ ಜರ್ಮನ್ ಇದ್ದವರಿಗೂ ಇಲ್ಲದವರಿಗೂ ಸಿಗುವ ಅವಕಾಶಗಳಲ್ಲಿ ದೊಡ್ಡ ಅಂತರ ಇರುತ್ತದೆ.

ಕೊನೆಗೆ ಮಗನ ವಿಷಯ. ಪಿಯುಸಿ ಮುಗಿಸಿ ನೇರವಾಗಿ ಅಲ್ಲಿ ಬ್ಯಾಚುಲರ್ಸ್ ಸೇರುವುದು ಸಾಮಾನ್ಯವಾಗಿ ಆಗುವುದಿಲ್ಲ. ಮೂರು ದಾರಿಗಳಿವೆ. ಜೆಇಇ ಅಡ್ವಾನ್ಸ್ಡ್ ಪಾಸಾದರೆ ತಾಂತ್ರಿಕ ಮತ್ತು ವಿಜ್ಞಾನ ವಿಷಯಗಳಿಗೆ ಅರ್ಜಿ ಹಾಕಬಹುದು. ಇಲ್ಲವೇ ಒಳ್ಳೆಯ ಅಂಕಗಳೊಂದಿಗೆ ಪಿಯುಸಿ ಮುಗಿಸಿ, ಭಾರತದಲ್ಲಿ ಮಾನ್ಯತೆ ಇರುವ ಡಿಗ್ರಿಯ ಮೊದಲ ವರ್ಷ ಪಾಸಾಗಿ, ಅದೇ ವಿಷಯದಲ್ಲಿ ಅಲ್ಲಿ ಸೇರಬಹುದು. ಅದೂ ಇಲ್ಲದಿದ್ದರೆ ಸ್ಟುಡಿಯನ್‌ಕೊಲೆಗ್ ಎಂಬ ಒಂದು ವರ್ಷದ ಸಿದ್ಧತಾ ಕೋರ್ಸು ಮಾಡಬೇಕು. ಅದು ಟ್ಯೂಬಿಂಗನ್‌ನಲ್ಲಿಲ್ಲ. ಆ ರಾಜ್ಯದಲ್ಲಿ ಹೈಡೆಲ್‌ಬರ್ಗ್‌ನಂಥ ಬೇರೆ ಊರಿನಲ್ಲಿದೆ. ಟ್ಯೂಬಿಂಗನ್‌ನ ಬ್ಯಾಚುಲರ್ಸ್ ಕೋರ್ಸುಗಳು ಬಹುಪಾಲು ಜರ್ಮನ್‌ನಲ್ಲೇ ಇವೆ, ವೈದ್ಯಕೀಯವಂತೂ ಪೂರ್ತಿ ಜರ್ಮನ್‌ನಲ್ಲಿ. ಹದಿನೆಂಟರ ಹುಡುಗ ಒಂದೇ ವರ್ಷದಲ್ಲಿ ಆ ಮಟ್ಟದ ಭಾಷೆಯನ್ನೂ ವಿಷಯವನ್ನೂ ಒಟ್ಟಿಗೆ ಕಲಿಯುವುದು ಕಷ್ಟದ ಕೆಲಸ. ಅವನು ಇಲ್ಲೇ ಡಿಗ್ರಿ ಮುಗಿಸಲಿ, ಜೊತೆಜೊತೆಗೆ ನಿಧಾನವಾಗಿ ಜರ್ಮನ್ ಕಲಿಯಲಿ, ಮಾಸ್ಟರ್ಸ್‌ಗೆ ಹೋಗಲಿ. ಇಬ್ಬರು ಮಕ್ಕಳ ಖರ್ಚು ಒಟ್ಟಿಗೆ ಬೀಳುವುದೂ ತಪ್ಪುತ್ತದೆ.